ನೆಟ್ ನಿಂತಾಗ ದೀಪ ಓದುವುದು ಹೇಗೆ: ಮನೆಯ ಮೋಡೆಮ್, ಲೈನ್, ಡಯಲ್ ದೋಷಗಳ ಪತ್ತೆ

“ನೆಟ್ ಬರ್ಲತ್ತಿಲ್ರಿ” ಅನ್ನುವ ಒಂದೇ ದೂರಿನೊಳಗೆ ನಾಲ್ಕು ಬೇರೆಬೇರೆ ದೋಷಗಳು ಅಡಗಿರುತ್ತವೆ. ಮೋಡೆಮ್‌ಗೆ ಕರೆಂಟೇ ಸಿಗುತ್ತಿರುವುದಿಲ್ಲ. ಕರೆಂಟ್ ಇದ್ದರೆ ಹೊರಗಿನ ಲೈನ್ ಸತ್ತಿರುತ್ತದೆ. ಲೈನ್ ಇದ್ದರೆ ಡಯಲ್, ಅಂದರೆ ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ಆಪರೇಟರ್‌ನ ಸರ್ವರ್ ಒಳಹೊಗುವುದು, ಆಗಿರುವುದಿಲ್ಲ. ಡಯಲ್ ಆಗಿದ್ದರೆ ಮನೆಯೊಳಗಿನ ವೈಫೈ ಕೈಕೊಟ್ಟಿರುತ್ತದೆ. ಇವುಗಳಲ್ಲಿ ಯಾವುದೆಂದು ಗೊತ್ತುಮಾಡಿಕೊಳ್ಳಲು ಯಾವ ಸಲಕರಣೆಯೂ ಬೇಡ, ಮೋಡೆಮ್ ಮುಂದೆ ಎರಡು ನಿಮಿಷ ನಿಂತು ದೀಪ ನೋಡಿದರೆ ಸಾಕು.

ಅದಕ್ಕೂ ಮುಂಚೆ ಒಂದು ಮಾತು. ಮೋಡೆಮ್ ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ ರಿಸೆಟ್ ಒತ್ತಬೇಡಿ. ಸ್ವಿಚ್ ಬಂದ್ ಮಾಡಿ ಚಾಲೂ ಮಾಡುವುದು ಬೇರೆ, ರಿಸೆಟ್ ಬೇರೆ. ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ, ವೈಫೈ ಹೆಸರು ಎಲ್ಲವೂ ಅಳಿಸಿಹೋಗಿ ಮೋಡೆಮ್ ಅಂಗಡಿಯಿಂದ ಬಂದ ಸ್ಥಿತಿಗೆ ಮರಳುತ್ತದೆ. ಬೀದಿಯಲ್ಲಿ ಫೈಬರ್ ತುಂಡಾಗಿ ನೆಟ್ ಹೋಗಿತ್ತು ಅಂದುಕೊಳ್ಳಿ. ಲೈನ್‌ಮನ್ ಸಂಜೆಗೆ ಜೋಡಿಸಿ ಹೋದರೂ ನಿಮ್ಮ ಮನೆಗೆ ಮಾತ್ರ ನೆಟ್ ಬರುವುದಿಲ್ಲ, ಏಕೆಂದರೆ ಎರಡನೆಯ ದೋಷವನ್ನು ನೀವೇ ಹುಟ್ಟಿಸಿರುತ್ತೀರಿ.

ಒಂದೂ ದೀಪ ಹತ್ತುತ್ತಿಲ್ಲ

ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಕರೆಂಟ್ ಇದೆ ಎಂದಾದರೆ ಮೋಡೆಮ್ ಹಿಂದಿನ ಒತ್ತುಗುಂಡಿ ನೋಡಿ. ಧೂಳು ಒರೆಸುವಾಗ ಅದು ಒತ್ತಿಹೋಗಿರುವುದೇ ಹೆಚ್ಚು.

ಅಲ್ಲಿಯೂ ಸರಿಯಿದ್ದರೆ ಅನುಮಾನ ಅಡಾಪ್ಟರ್ ಮೇಲೆ. ಅದರ ಚೀಟಿಯಲ್ಲಿ ಔಟ್‌ಪುಟ್ ಎಷ್ಟೆಂದು ಬರೆದಿರುತ್ತದೆ: ಹೆಚ್ಚಿನವು 12 ವೋಲ್ಟ್, 1 ಆಂಪಿಯರ್, ಕೆಲವು ರೂಟರ್‌ಗಳದು 9 ವೋಲ್ಟ್. ಮಲ್ಟಿಮೀಟರ್ ಇದ್ದರೆ 20 ವೋಲ್ಟ್ ಡಿಸಿಗೆ ಇಟ್ಟು ಪಿನ್ ತುದಿ ಅಳೆಯಿರಿ. 12 ವೋಲ್ಟ್‌ನದು 11ಕ್ಕಿಂತ ಕೆಳಗೆ ತೋರಿಸಿದರೆ ಅದರ ಕಥೆ ಮುಗಿಯಿತು. ಆದರೆ ಮೀಟರ್‌ನಲ್ಲಿ 12 ತೋರಿಸಿ, ಮೋಡೆಮ್‌ಗೆ ಹಾಕಿದೊಡನೆ ಕುಸಿಯುವ ಅಡಾಪ್ಟರ್‌ಗಳೂ ಇವೆ. ಹೀಗಾಗಿ ಕೊನೆಯ ತೀರ್ಪು ಬೇರೊಂದು ಅಡಾಪ್ಟರ್ ಹಾಕಿ ನೋಡುವುದೇ. ಸೆಟ್‌ಟಾಪ್ ಬಾಕ್ಸ್‌ನದೂ ಎಷ್ಟೋ ಸಲ 12 ವೋಲ್ಟ್‌ದೇ ಆಗಿರುತ್ತದೆ, ಚೀಟಿ ಓದಿ ಐದು ನಿಮಿಷಕ್ಕೆ ಎರವಲು ಪಡೆಯಬಹುದು. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಪಿನ್‌ನ ಪ್ಲಸ್ ಮೈನಸ್ ಗುರುತು ಹೊಂದಬೇಕು. 9 ವೋಲ್ಟ್ ಮೋಡೆಮ್‌ಗೆ 12 ವೋಲ್ಟ್ ಕೊಟ್ಟರೆ ಸುಡಬಹುದು.

ಅಡಾಪ್ಟರ್ ಬಿಚ್ಚಿ ದುರಸ್ತಿ ಮಾಡಲು ಹೋಗಬೇಡಿ. ಸಾಕೆಟ್‌ನಿಂದ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್ ದಾಟಿದ ಡಿಸಿ ಸ್ವಲ್ಪ ಹೊತ್ತು ಉಳಿದಿರಬಹುದು.

ತಾನೇ ಬಂದ್ ಆಗಿ ತಾನೇ ಚಾಲೂ ಆಗುತ್ತದೆ

ಇಲ್ಲಿ ಯಾವಾಗ ಆಗುತ್ತದೆ ಎಂಬುದೇ ಸುಳಿವು. ಎರಡು ದಿನ ಸಮಯ ಬರೆದಿಟ್ಟುಕೊಳ್ಳಿ.

ಕರೆಂಟ್ ಹೋದಾಗ, ಬಂದಾಗ ಮಾತ್ರ ಆಗುತ್ತಿದ್ದರೆ ಇನ್ವರ್ಟರ್ ಕಾರಣ. ಮನೆಯ ಇನ್ವರ್ಟರ್ ಬ್ಯಾಟರಿಗೆ ಹೊರಳುವ ಆ ಕ್ಷಣದ ಅಂತರ ಫ್ಯಾನಿಗೆ ಗೊತ್ತಾಗುವುದಿಲ್ಲ, ಮೋಡೆಮ್‌ಗೆ ಗೊತ್ತಾಗುತ್ತದೆ. ಇನ್ವರ್ಟರ್ ಹಿಂಬದಿ ಯುಪಿಎಸ್ ಮೋಡ್‌ನ ಸ್ವಿಚ್ ಇದ್ದರೆ ಅದಕ್ಕೆ ಇಡಿ. ಅದರಲ್ಲೂ ಸರಿಹೋಗದಿದ್ದರೆ ಮೋಡೆಮ್‌ಗೆಂದೇ ಬರುವ 12 ವೋಲ್ಟ್ ಮಿನಿ ಯುಪಿಎಸ್ ಹಾಕಿಸಿ.

ಮಧ್ಯಾಹ್ನ ಕೈಕೊಟ್ಟು ರಾತ್ರಿ ಸರಾಗ ನಡೆದರೆ ಬಿಸಿಲಿನ ಕೆಲಸ. ಮನೆಬಳಕೆಯ ಹೆಚ್ಚಿನ ರೂಟರ್‌ಗಳು ಸುತ್ತಲ ಗಾಳಿ 40 ಡಿಗ್ರಿ ಸೆಲ್ಸಿಯಸ್ ದಾಟದ ಕಡೆ ನಡೆಯಲೆಂದು ತಯಾರಾದವು. ಕಲಬುರಗಿಯಲ್ಲಿ ಏಪ್ರಿಲ್ ಮೇ ತಿಂಗಳ ಉಷ್ಣಾಂಶ 42 ದಾಟುವುದು ಹೊಸತಲ್ಲ, ಪತ್ರಾಸ್ ಚಾವಣಿಯ ಕೆಳಗೆ ಇನ್ನೂ ಹೆಚ್ಚು. ಮೋಡೆಮ್ ಅನ್ನು ಟಿವಿ ಕಪಾಟಿನಿಂದ ಹೊರತೆಗೆದು, ಸೆಟ್‌ಟಾಪ್ ಬಾಕ್ಸ್ ಮೇಲಿನಿಂದ ಇಳಿಸಿ, ಬಿಸಿಲು ತಾಗದ ಗೋಡೆಗೆ ನಿಲ್ಲಿಸಿ ತೂಗುಹಾಕಿ. ತಂಪಾಗಲೆಂದು ಕೂಲರ್ ಎದುರು ಇಡುವವರಿದ್ದಾರೆ, ಅದು ಬೇಡ. ಕೂಲರ್ ಗಾಳಿಯಲ್ಲಿ ನೀರಿನಂಶ ಇರುತ್ತದೆ, ಪಿನ್ನುಗಳಿಗೆ ತುಕ್ಕು ಹಿಡಿಯುತ್ತದೆ. ವಾಡಿ, ಶಹಾಬಾದ್ ಕಡೆ ಸಿಮೆಂಟ್ ಮತ್ತು ಕಲ್ಲಿನ ಪುಡಿ ಗಾಳಿಕಂಡಿಗಳನ್ನು ಮುಚ್ಚುತ್ತದೆ. ಸ್ವಿಚ್ ಬಂದ್ ಮಾಡಿ ಒಣ ಪೇಂಟ್ ಬ್ರಷ್‌ನಿಂದ ಒರೆಸಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ.

ಹೊತ್ತು ಗೊತ್ತಿಲ್ಲದೆ ಆಗುತ್ತಿದ್ದರೆ ಮತ್ತೆ ಅಡಾಪ್ಟರ್ ಕಡೆಗೇ ಹೋಗಿ. ಮೋಡೆಮ್ ಬದಲಿಸುವ ಖರ್ಚಿಗೆ ಮೊದಲು ಅದನ್ನು ಬದಲಿಸಿ ನೋಡುವುದು ಲೇಸು.

ಫೈಬರ್ ಮೋಡೆಮ್‌ನಲ್ಲಿ ಲಾಸ್ (LOS) ದೀಪ ಕೆಂಪಗೆ ಮಿನುಗುತ್ತಿದೆ

ಹೊರಗಿನಿಂದ ಬರಬೇಕಾದ ಬೆಳಕು ಬರುತ್ತಿಲ್ಲ, ಅಥವಾ ತೀರ ಮಂಕಾಗಿ ಬರುತ್ತಿದೆ. ಪಾಸ್‌ವರ್ಡ್‌ಗೂ ವೈಫೈಗೂ ಇದಕ್ಕೂ ಸಂಬಂಧವಿಲ್ಲ. ಆನ್ ಆಫ್ ಮಾಡಿದರೂ ಹೋಗದು.

ಮೊದಲು ಬಾಜೂ ಮನೆಯವರನ್ನು ಕೇಳಿ. ಅದೇ ಆಪರೇಟರ್‌ನ ಕನೆಕ್ಷನ್ ಇದ್ದು ಅವರದೂ ಕೆಂಪಾಗಿದ್ದರೆ ತಪ್ಪು ಬೀದಿಯಲ್ಲಿದೆ: ರಸ್ತೆ ಅಗೆಯುವ ಜೆಸಿಬಿ ಕೇಬಲ್ ಎಳೆದಿರಬಹುದು, ಕಂಬದ ಮೇಲಿನ ಸ್ಪ್ಲಿಟರ್ ಡಬ್ಬಿಗೆ ಏಟು ಬಿದ್ದಿರಬಹುದು. ಒಂದು ಸ್ಪ್ಲಿಟರ್‌ನಿಂದ 8, 16 ಅಥವಾ 32 ಮನೆಗಳಿಗೆ ಬೆಳಕು ಹಂಚಿಹೋಗುತ್ತದೆ. ಆಗ ನೀವು ಮಾಡುವಂಥದ್ದು ದೂರು ಕೊಡುವುದಷ್ಟೇ.

ನಿಮ್ಮದೊಂದೇ ಕೆಂಪಾಗಿದ್ದರೆ ಹಳದಿ ಅಥವಾ ಬಿಳಿ ಪ್ಯಾಚ್‌ಕಾರ್ಡ್ (ಮೋಡೆಮ್‌ಗೆ ಬಂದು ಸೇರುವ ತೆಳು ಫೈಬರ್ ತಂತಿ) ಉದ್ದಕ್ಕೂ ಕಣ್ಣಾಡಿಸಿ. ಮಂಚದ ಕಾಲಡಿ, ಬಾಗಿಲ ಸಂದಿಯಲ್ಲಿ ಸಿಕ್ಕಿದೆಯೇ, ಮೊಳೆಗೆ ಸುತ್ತಿ ಬಿಗಿದಿದ್ದಾರೆಯೇ ನೋಡಿ. ಗಾಜಿನ ಎಳೆ ಬಿಗಿಯಾಗಿ ಬಾಗಿದರೆ ಬೆಳಕು ಬಾಗಿದಲ್ಲೇ ಸೋರಿಹೋಗುತ್ತದೆ. ಸುರುಳಿ ಸುತ್ತುವುದಿದ್ದರೆ ಟೀ ಕಪ್ಪಿನ ಬಾಯಿಗಿಂತ ಸಣ್ಣದಾಗಬಾರದು. ಆಮೇಲೆ ಹಿಂದಿನ ಹಸಿರು ಕನೆಕ್ಟರ್ ಅನ್ನು ಹೊರಗೆ ಎಳೆಯದೆ, ಇದ್ದ ಹಾಗೆಯೇ ಒಳಕ್ಕೆ ಒತ್ತಿ, ‘ಟಕ್’ ಎಂದು ಕೂರಬೇಕು. ಹಸಿರು ಕನೆಕ್ಟರ್‌ನ ತುದಿ ಓರೆಯಾಗಿ ಅರೆದದ್ದು, ನೀಲಿಯದು ನೇರ. ಅಂಗಡಿಯಿಂದ ನೀಲಿ ತುದಿಯ ಕಾರ್ಡ್ ತಂದು ಹಸಿರಿನ ಜಾಗಕ್ಕೆ ತುರುಕಿದರೆ ಕೂರುತ್ತದೆ, ಆದರೆ ಬೆಳಕು ಸರಿಯಾಗಿ ದಾಟುವುದಿಲ್ಲ.

ಇಲ್ಲಿಗೆ ನಿಲ್ಲಿಸಿ. ಕನೆಕ್ಟರ್ ಕಿತ್ತು ತುದಿಯನ್ನು ಅಂಗಿಗೆ ಒರೆಸುವುದು, ಬಾಯಿಂದ ಊದುವುದು ಬೇಡ. ಒಂದು ಕಣ ಧೂಳು ಕೂತರೂ ಬೆಳಕಿನ ನಷ್ಟ ಹೆಚ್ಚುತ್ತದೆ. ತುದಿಯೊಳಗೆ ಇಣುಕಲೂ ಬೇಡಿ. ಮನೆಗೆ ಬರುವ ಬೆಳಕು 1490 ನ್ಯಾನೊಮೀಟರ್‌ನದು, ಕಣ್ಣಿಗೆ ಕಾಣದ ಲೇಸರ್. ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ. ಮುರಿದ ಎಳೆಯ ಚೂರು ಕೂದಲಿಗಿಂತ ಹೆಚ್ಚೇನೂ ದಪ್ಪವಿರುವುದಿಲ್ಲ, ಚರ್ಮಕ್ಕೆ ಹೊಕ್ಕರೆ ಹುಡುಕುವುದು ಕಷ್ಟ. ಇಲಿ, ಮಂಗಗಳು ಕಡಿದು ಬಿದ್ದ ತುಂಡುಗಳನ್ನು ಮಕ್ಕಳ ಕೈಗೆ ಸಿಗದಂತೆ ಟೇಪಿಗೆ ಅಂಟಿಸಿ ತೆಗೆಯಿರಿ. ಹೊರಗೆ ಮಾಳಿಗೆಯ ಮೇಲೆ ಕೇಬಲ್ ಹರಿದು ಕರೆಂಟ್ ತಂತಿಗೆ ತಾಗಿ ನೇತಾಡುತ್ತಿದ್ದರೆ ಕೋಲಿನಿಂದಲೂ ಸರಿಸಬೇಡಿ, ಅಂಥ ಕೇಬಲ್‌ಗಳಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ. ವಿದ್ಯುತ್ ಕಂಪನಿ ಜೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಲಾಸ್ ದೀಪ ಆಗಾಗ ಕೆಂಪಾಗಿ ತಾನೇ ಆರುತ್ತಿದ್ದರೆ ಇನ್ನೊಂದು ಪರೀಕ್ಷೆ ಇದೆ. ಬ್ರೌಸರ್‌ನಲ್ಲಿ 192.168.1.1 ಬರೆದು ಮೋಡೆಮ್ ಪುಟ ತೆರೆದರೆ, ಪಾನ್ ಅಥವಾ ಆಪ್ಟಿಕಲ್ ವಿಭಾಗದಲ್ಲಿ ಮೋಡೆಮ್‌ಗೆ ಎಷ್ಟು ಬೆಳಕು ತಲುಪುತ್ತಿದೆ ಎಂದು ಹೇಳುವ ಆರ್‌ಎಕ್ಸ್ ಪವರ್ ಎಂಬ ಅಂಕಿ ಇರುತ್ತದೆ. ಅದು ಮೈನಸ್‌ನಲ್ಲಿರುತ್ತದೆ. -15ರಿಂದ -24 ಡಿಬಿಎಂ ಒಳಗಿದ್ದರೆ ಚಿಂತೆಯಿಲ್ಲ. -27ರ ಹತ್ತಿರ ಬಂದರೆ ಮನೆಯ ಮೋಡೆಮ್ ಹಿಡಿಯಬಲ್ಲ ಅಂಚಿಗೆ ಬಂದಂತೆ. ಗಾಳಿಗೆ ಕೇಬಲ್ ತೂಗಿದರೂ ನೆಟ್ ಬೀಳುತ್ತದೆ. ಮೂರು ಅಂಕಿ ಇಳಿಯಿತೆಂದರೆ ಬೆಳಕು ಅರ್ಧಕ್ಕೆ ಇಳಿಯಿತು ಎಂದರ್ಥ. ನೆಟ್ ಚೆನ್ನಾಗಿರುವಾಗಲೇ ಈ ಅಂಕಿ ಬರೆದಿಟ್ಟುಕೊಂಡರೆ ಮುಂದೆ ಹೋಲಿಸಲು ಸಿಗುತ್ತದೆ. “ಮೊದಲು -21 ಇತ್ತು, ಈಗ -27” ಎಂದು ಹೇಳಿದ ಗ್ರಾಹಕನಿಗೆ “ಮೋಡೆಮ್ ಆನ್ ಆಫ್ ಮಾಡಿ” ಎಂಬ ಉತ್ತರ ಬರುವುದು ಕಡಿಮೆ.

ಲಾಸ್ ಇಲ್ಲ, ಪಾನ್ ಮಿನುಗುತ್ತಲೇ ಇದೆ

ಪಾನ್ (PON) ದೀಪ ಆಪರೇಟರ್‌ನ ಯಂತ್ರದ ಜೊತೆ ಜೋಡಣೆ ಆಗಿದೆಯೇ ಎಂದು ತೋರಿಸುತ್ತದೆ. ಬೆಳಕು ಬರುತ್ತಿದೆ, ಆಪರೇಟರ್‌ನ ಯಂತ್ರ ನಿಮ್ಮ ಮೋಡೆಮ್ ಅನ್ನು ಒಪ್ಪಿಕೊಳ್ಳುತ್ತಿಲ್ಲ. ಚಾಲೂ ಮಾಡಿದ ಮೇಲೆ ಎರಡು ಮೂರು ನಿಮಿಷ ಮಿನುಗುವುದು ಸಹಜ. ಐದು ನಿಮಿಷ ಕಳೆದರೂ ಸ್ಥಿರವಾಗದಿದ್ದರೆ ಮೋಡೆಮ್‌ನ ಸೀರಿಯಲ್ ನಂಬರ್ ಅಲ್ಲಿ ನೋಂದಣಿ ಆಗಿಲ್ಲದಿರಬಹುದು. ಸೆಕೆಂಡ್‌ಹ್ಯಾಂಡ್ ಮೋಡೆಮ್ ತಂದು ಹಾಕಿದವರಿಗೆ ಇದು ಖಾತ್ರಿ. ಮನೆಯಿಂದ ಸರಿಮಾಡಲಾಗದು, ಡಬ್ಬಿಯ ಕೆಳಗಿನ ಸೀರಿಯಲ್ ನಂಬರ್ ಓದಿ ಹೇಳಿ. ಲೈನ್‌ಮನ್ ಒಮ್ಮೊಮ್ಮೆ “ನಿಮ್ಮದು ಬಂದ್ ಮಾಡಿ ನೋಡ್ರಿ” ಎನ್ನುವುದಕ್ಕೂ ಕಾರಣವಿದೆ: ಕೆಟ್ಟ ಮೋಡೆಮ್ ಒಂದು ತನ್ನ ಸರದಿ ಬಿಟ್ಟು ಸದಾ ಬೆಳಕು ಕಳಿಸುತ್ತಿದ್ದರೆ ಅದೇ ಸ್ಪ್ಲಿಟರ್‌ನ ಎಲ್ಲ ಮನೆಗಳ ನೆಟ್ ಕೆಡುತ್ತದೆ.

ತಾಮ್ರದ ಫೋನ್ ಲೈನ್: ಡಿಎಸ್‌ಎಲ್ ದೀಪ ನಿಲ್ಲುತ್ತಿಲ್ಲ

ಹಳೆಯ ಲ್ಯಾಂಡ್‌ಲೈನ್ ಮೇಲೆ ಬ್ರಾಡ್‌ಬ್ಯಾಂಡ್ ಉಳಿಸಿಕೊಂಡಿರುವ ಮನೆಗಳಿಗೆ ಇದು. ಪರೀಕ್ಷೆ ಶುರುವಾಗುವುದು ಫೋನ್ ಎತ್ತಿ ಕಿವಿಗೆ ಇಡುವುದರಿಂದ. ಡಯಲ್ ಟೋನ್ ಇಲ್ಲವೆಂದರೆ ಲೈನ್ ಸತ್ತಿದೆ, ಮೋಡೆಮ್ ಮುಟ್ಟುವ ಅಗತ್ಯವಿಲ್ಲ. ಟೋನ್ ಜೊತೆ ಗರಗರ ಸದ್ದಿದ್ದರೆ ಎಲ್ಲೋ ಜಾಯಿಂಟ್‌ಗೆ ನೀರು ಇಳಿದಿದೆ. ಮಳೆ ಬಂದ ಮರುದಿನ ಹೀಗಾಗಿ ಬಿಸಿಲಿಗೆ ಒಣಗಿ ತಾನೇ ಸರಿಹೋದರೆ ಖುಷಿಪಡಬೇಡಿ, ಮುಂದಿನ ಮಳೆಗೆ ಮತ್ತೆ ಬರುತ್ತದೆ. ಸದ್ದು ಇರುವಾಗಲೇ ದೂರು ಕೊಡಿ.

ಟೋನ್ ಸ್ವಚ್ಛವಾಗಿದ್ದೂ ಡಿಎಸ್‌ಎಲ್ ಮಿನುಗಿದರೆ ಮನೆಯೊಳಗೆ ನೋಡಿ. ಫೋನ್‌ಗೂ ಮೋಡೆಮ್‌ಗೂ ಲೈನ್ ಬೇರ್ಪಡಿಸುವ ಸಣ್ಣ ಡಬ್ಬಿಯನ್ನು, ಅಂದರೆ ಫೋನ್ ಸ್ಪ್ಲಿಟರ್ ಅನ್ನು ತೆಗೆದು, ಹೊರಗಿನಿಂದ ಬರುವ ಲೈನನ್ನು ನೇರ ಮೋಡೆಮ್‌ಗೆ ಕೊಡಿ. ಪಕ್ಕದ ಕೋಣೆಯ, ಮಾಳಿಗೆಯ ಪ್ಯಾರಲಲ್ ಫೋನ್‌ಗಳನ್ನೆಲ್ಲ ಕಿತ್ತುಬಿಡಿ. ದೀಪ ನಿಂತರೆ ತಪ್ಪು ಸ್ಪ್ಲಿಟರ್‌ನದು, ಇಲ್ಲವೇ ಫಿಲ್ಟರ್ ಇಲ್ಲದೆ ಜೋಡಿಸಿದ ಫೋನ್‌ನದು. ನಿಲ್ಲದಿದ್ದರೆ ಮೋಡೆಮ್ ಪುಟದಲ್ಲಿ ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲ ತಾಳಿಕೊಳ್ಳಲು ಲೈನ್‌ನಲ್ಲಿ ಉಳಿದಿರುವ ಅಂತರ) ನೋಡಿ: 10 ಡೆಸಿಬಲ್‌ಗಿಂತ ಮೇಲಿದ್ದರೆ ಲೈನ್ ಗಟ್ಟಿ, 6ಕ್ಕಿಂತ ಕೆಳಗಿದ್ದರೆ ಬೀಳುತ್ತ ಏಳುತ್ತ ಇರುತ್ತದೆ. ಎಕ್ಸ್‌ಚೇಂಜ್‌ನಿಂದ ನಾಲ್ಕೈದು ಕಿಲೋಮೀಟರ್ ದೂರದ ಮನೆಗಳಲ್ಲಿ ಮೋಡೆಮ್ ಎಷ್ಟು ಬದಲಿಸಿದರೂ ಫಲವಿಲ್ಲ.

ಫೋನ್ ತಂತಿಯ ತುದಿಗಳನ್ನು ಬರಿಗೈಯಲ್ಲಿ ಹಿಡಿಯಬೇಡಿ. ಸುಮ್ಮನಿರುವಾಗ ಅದರಲ್ಲಿ 48 ವೋಲ್ಟ್ ಡಿಸಿ ಇರುತ್ತದೆ, ರಿಂಗ್ ಬಂದಾಗ 75ರಿಂದ 90 ವೋಲ್ಟ್ ಎಸಿ ಹರಿದು ಜೋರಾಗಿಯೇ ಹೊಡೆಯುತ್ತದೆ.

ಲೈನ್ ದೀಪ ಸರಿ, ಇಂಟರ್ನೆಟ್ ದೀಪ ಇಲ್ಲ: ಡಯಲ್ ಆಗುತ್ತಿಲ್ಲ

ಡಯಲ್ ಮಾಡುವವರು ಯಾರು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಕಂಪ್ಯೂಟರ್‌ನಲ್ಲಿ ‘ಬ್ರಾಡ್‌ಬ್ಯಾಂಡ್ ಕನೆಕ್ಷನ್’ ಒತ್ತಿ ಪಾಸ್‌ವರ್ಡ್ ಕೊಟ್ಟು ಶುರುಮಾಡುತ್ತಿದ್ದರೆ ಮೋಡೆಮ್ ಬ್ರಿಜ್ ಮೋಡ್‌ನಲ್ಲಿದೆ, ಅಂದರೆ ಡಯಲ್ ಮಾಡುವುದು ಕಂಪ್ಯೂಟರ್. ಮೊಬೈಲ್, ಟಿವಿ ಸೀದಾ ವೈಫೈ ಹಿಡಿದು ನಡೆಯುತ್ತಿದ್ದರೆ ಪಿಪಿಪಿಓಇ ಎಂಬ ಈ ಡಯಲ್ ಅನ್ನು ಮೋಡೆಮ್ ಅಥವಾ ರೂಟರ್ ತಾನೇ ಮಾಡುತ್ತದೆ. ಎರಡೂ ಕಡೆ ಒಂದೇ ಯೂಸರ್‌ನೇಮ್ ತುಂಬಿಟ್ಟರೆ ಒಂದು ಒಳಹೊಕ್ಕು ಇನ್ನೊಂದು ಹೊರಗೆ ನಿಲ್ಲುತ್ತದೆ.

ಡಯಲ್ ಸೋತಾಗ ವಿಂಡೋಸ್ ತೋರಿಸುವ ದೋಷಸಂಖ್ಯೆಗಳಲ್ಲಿ ಹೆಚ್ಚು ಬಳಕೆಗೆ ಬರುವುದು 691. ಇದನ್ನು ಕಂಡು ಜನ ಲೈನ್ ಕೆಟ್ಟಿದೆ ಎಂದು ದೂರು ಕೊಡುತ್ತಾರೆ. ಅಸಲಿಗೆ 691 ಬಂತೆಂದರೆ ಲೈನ್ ಸರಿಯಿದೆ: ನಿಮ್ಮ ಮಾತು ಸರ್ವರ್‌ಗೆ ತಲುಪಿದೆ, ಅದು ಕೇಳಿಸಿಕೊಂಡು “ಇಲ್ಲ” ಎಂದಿದೆ. ಯಾಕೆ ಇಲ್ಲ ಎಂದಿತು? ಪಾಸ್‌ವರ್ಡ್‌ನಲ್ಲಿ ಸೊನ್ನೆಯ ಜಾಗಕ್ಕೆ ‘ಓ’ ಬಿದ್ದಿರಬಹುದು, ವಾಟ್ಸ್‌ಆ್ಯಪ್‌ನಿಂದ ಕಾಪಿ ಮಾಡುವಾಗ ಕೊನೆಗೊಂದು ಖಾಲಿ ಜಾಗ ಸೇರಿರಬಹುದು. ಬಿಲ್ ಬಾಕಿ ಇರಬಹುದು, ರಿಚಾರ್ಜ್ ಅವಧಿ ಮುಗಿದಿರಬಹುದು. ಇವೆರಡೂ ಅಲ್ಲದಿದ್ದರೆ ಹಳೆಯ ಸೆಷನ್ ಸರ್ವರ್‌ನಲ್ಲಿ ಸಿಕ್ಕಿಕೊಂಡಿದೆ. ಕರೆಂಟ್ ಫಟ್ಟನೆ ಹೋದಾಗ ಮೋಡೆಮ್ ಲಾಗೌಟ್ ಮಾಡದೆ ಸಾಯುತ್ತದೆ, ಸರ್ವರ್ ಮಾತ್ರ ನೀವಿನ್ನೂ ಒಳಗಿದ್ದೀರಿ ಎಂದೇ ನಂಬಿರುತ್ತದೆ. ಹತ್ತು ನಿಮಿಷ ಮೋಡೆಮ್ ಬಂದ್ ಇಟ್ಟು ಚಾಲೂ ಮಾಡಿ. ಐದೈದು ಸೆಕೆಂಡಿಗೆ ಆನ್ ಆಫ್ ಮಾಡಿದರೆ ಇದು ಬಿಡಿಸಿಕೊಳ್ಳುವುದಿಲ್ಲ.

651 ಇದಕ್ಕೆ ವಿರುದ್ಧ. ಕರೆದದ್ದಕ್ಕೆ ಉತ್ತರವೇ ಬಂದಿಲ್ಲ. ಹಳೆಯ ವಿಂಡೋಸ್‌ನಲ್ಲಿ ಇದೇ 678 ಎಂದು ಬರುತ್ತಿತ್ತು. ಕಂಪ್ಯೂಟರ್‌ನಿಂದ ಮೋಡೆಮ್‌ಗೆ ಹೋದ ಲ್ಯಾನ್ ಕೇಬಲ್ ಕಿತ್ತು ಹಾಕಿ, ಬೇರೆ ಪೋರ್ಟ್‌ಗೆ ಬದಲಿಸಿ, ಬಳಿಕ ಲೈನ್ ದೀಪ ಮತ್ತೆ ನೋಡಿ. 769 ಬಂದರೆ ಕಂಪ್ಯೂಟರ್‌ನ ನೆಟ್‌ವರ್ಕ್ ಅಡಾಪ್ಟರ್ ಡಿಸೇಬಲ್ ಆಗಿದೆ, ನೆಟ್‌ವರ್ಕ್ ಕನೆಕ್ಷನ್ಸ್‌ಗೆ ಹೋಗಿ ಎನೇಬಲ್ ಮಾಡಿ. ಫೋನ್ ನಂಬರ್‌ಗೆ ಡಯಲ್ ಮಾಡುವ ಹಳೆಯ 56 ಕೆಬಿಪಿಎಸ್ ಮೋಡೆಮ್ ಇನ್ನೂ ಇಟ್ಟುಕೊಂಡವರಿಗೆ 680 ಕಾಣಿಸುತ್ತದೆ. ಡಯಲ್ ಟೋನ್ ಸಿಗುತ್ತಿಲ್ಲ ಎಂದಷ್ಟೇ ಅದರ ಅರ್ಥ, ಪಕ್ಕದ ಕೋಣೆಯಲ್ಲಿ ರಿಸೀವರ್ ಸರಿಯಾಗಿ ಇಟ್ಟಿದ್ದಾರೆಯೇ ನೋಡಿ.

ಹೊಸ ರೂಟರ್ ಹಾಕಿದ ದಿನವೇ ಡಯಲ್ ನಿಂತಿದ್ದರೆ ಎರಡು ಅನುಮಾನ. ಕೆಲವು ಆಪರೇಟರ್‌ಗಳು ಹಳೆಯ ರೂಟರ್‌ನ ಮ್ಯಾಕ್ ವಿಳಾಸಕ್ಕೆ (ಸಾಧನದ ಗುರುತಿನ ಸಂಖ್ಯೆಗೆ) ಖಾತೆಯನ್ನು ಕಟ್ಟಿಹಾಕಿರುತ್ತಾರೆ, ಫೋನ್ ಮಾಡಿ ಬಿಡಿಸಬೇಕು. ಇಲ್ಲವೇ ಮೋಡೆಮ್‌ನ ಲ್ಯಾನ್‌ನಿಂದ ಬಂದ ಕೇಬಲ್ ರೂಟರ್‌ನ ವ್ಯಾನ್ ಪೋರ್ಟ್‌ಗೆ (ಹೊರಗಿನ ಲೈನ್ ಹಾಕುವ ಕಂಡಿಗೆ) ಹೋಗದೆ ಲ್ಯಾನ್‌ಗೆ ಹೋಗಿದೆ.

ವೈಫೈ ಪೂರ್ತಿ ಇದೆ, ಏನೂ ತೆರೆಯುತ್ತಿಲ್ಲ

ವೈಫೈ ಕಡ್ಡಿಗಳು ಮೋಡೆಮ್‌ವರೆಗಿನ ದಾರಿ ಮಾತ್ರ ತೋರಿಸುತ್ತವೆ, ಮುಂದಿನದನ್ನಲ್ಲ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ 192.168.1.1ಕ್ಕೆ (ನಿಮ್ಮ ಮೋಡೆಮ್‌ನ ವಿಳಾಸ ಬೇರೆಯಿದ್ದರೆ ಅದಕ್ಕೆ) ಪಿಂಗ್ ಮಾಡಿ, ಅಂದರೆ ಕರೆದು ಉತ್ತರ ಬರುತ್ತದೆಯೇ ನೋಡಿ, ಆಮೇಲೆ 8.8.8.8ಕ್ಕೆ ಮಾಡಿ. ಮೊದಲನೆಯದಕ್ಕೇ ಉತ್ತರವಿಲ್ಲದಿದ್ದರೆ ದೋಷ ಮನೆಯೊಳಗಿದೆ. ಆಗ ಕಂಪ್ಯೂಟರ್‌ನ ಐಪಿ ವಿಳಾಸ 169.254 ಎಂದು ಶುರುವಾದರೆ ಮೋಡೆಮ್ ವಿಳಾಸ ಹಂಚುತ್ತಿಲ್ಲ. ವೈಫೈ ಮರೆಸಿ ಮತ್ತೆ ಜೋಡಿಸಿ. ಮೊದಲನೆಯದು ಬಂದು ಎರಡನೆಯದು ಬರದಿದ್ದರೆ ಹಿಂದಿನ ಭಾಗದ ಡಯಲ್ ದೋಷ. ಎರಡಕ್ಕೂ ಉತ್ತರ ಬಂದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ವೆಬ್‌ಸೈಟ್ ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್‌ನ ದೋಷ, ಸೆಟ್ಟಿಂಗ್‌ನ ಡಿಎನ್‌ಎಸ್ ಜಾಗದಲ್ಲಿ 8.8.8.8 ಅಥವಾ 1.1.1.1 ತುಂಬಿ.

ಕೆಲವು ಸೈಟ್ ತೆರೆದು ಕೆಲವು ಅರ್ಧಕ್ಕೆ ನಿಂತರೆ ರೂಟರ್‌ನ ಎಂಟಿಯು (ಒಂದು ಸಲಕ್ಕೆ ಕಳಿಸುವ ಡೇಟಾ ಪೊಟ್ಟಣದ ಗರಿಷ್ಠ ಗಾತ್ರ) ನೋಡಿ. ಪಿಪಿಪಿಓಇ ತನ್ನ ಲಕೋಟೆಗೆ 8 ಬೈಟ್ ತೆಗೆದುಕೊಳ್ಳುವುದರಿಂದ 1500 ಇದ್ದದ್ದನ್ನು 1492 ಮಾಡಬೇಕು.

ನೆಟ್ ಎಲ್ಲ ಸರಿಯಿದ್ದು ಅಂಗಡಿಯ ಸಿಸಿಟಿವಿ ಮಾತ್ರ ಊರ ಹೊರಗಿನಿಂದ ಕಾಣದಿದ್ದರೆ, ರೂಟರ್‌ನ ವ್ಯಾನ್ ಐಪಿ 100.64ರಿಂದ 100.127ರೊಳಗಿದೆಯೇ ನೋಡಿ. ಇದ್ದರೆ ಒಂದೇ ಹೊರವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದ್ದಾರೆ, ಹೊರಗಿನಿಂದ ಕ್ಯಾಮೆರಾಕ್ಕೆ ದಾರಿ ಬಿಡುವ ಪೋರ್ಟ್ ಫಾರ್ವರ್ಡ್ ಅಲ್ಲಿ ನಡೆಯದು. ನಿಮಗೊಬ್ಬರಿಗೇ ಮೀಸಲಾದ ಸ್ಟ್ಯಾಟಿಕ್ ಐಪಿ ಕೇಳಿ, ಇಲ್ಲವೇ ಡಿವಿಆರ್ ಕಂಪನಿಯ ಆ್ಯಪ್ ಬಳಸಿ.

ನೆಟ್ ಇದೆ, ನಿಧಾನ

ವೈಫೈ ಮೇಲೆ ಅಳೆದ ವೇಗ ಸಾಕ್ಷಿಯಲ್ಲ. ಲ್ಯಾನ್ ಕೇಬಲ್ ಹಾಕಿ ಅಳೆಯಿರಿ. ಪ್ಲಾನ್ 100 ಎಂಬಿಪಿಎಸ್ ಇದ್ದರೆ ಡೌನ್‌ಲೋಡ್ ಕಿಟಕಿಯಲ್ಲಿ ಸೆಕೆಂಡಿಗೆ 12 ಎಂಬಿ ಹತ್ತಿರ ಕಾಣುವುದೇ ಪೂರ್ತಿ ವೇಗ, ಎಂಟರಿಂದ ಭಾಗಿಸಿದ ಲೆಕ್ಕ ಅದು. ಪ್ಲಾನ್ 200 ಇದ್ದೂ 94ರ ಆಸುಪಾಸಿನಲ್ಲಿ ನಿಂತರೆ ಕೇಬಲ್‌ನ ನಾಲ್ಕು ಜೋಡಿಯಲ್ಲಿ ಒಂದು ತುಂಡಾಗಿದೆ, ಇಲ್ಲವೇ ಪೋರ್ಟೇ 100ರದು.

ಕೇಬಲ್‌ನಲ್ಲಿ ಸರಿ, ವೈಫೈಯಲ್ಲಿ ನಿಧಾನ ಎಂದಾದರೆ ಗೋಡೆ ನೋಡಿ. ಶಹಾಬಾದ್ ಕಲ್ಲಿನಲ್ಲಿ ಕಟ್ಟಿದ ಹಳೆಯ ಮನೆಗಳಲ್ಲಿ, ಬೀದರ್‌ನ ಕೆಂಪು ಜಂಬಿಟ್ಟಿಗೆಯ ದಪ್ಪ ಗೋಡೆಗಳಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಒಂದು ಕೋಣೆ ದಾಟುವುದೂ ಕಷ್ಟ. 2.4 ಗಿಗಾಹರ್ಟ್ಸ್ ದಾಟುತ್ತದೆ, ವೇಗ ಕಡಿಮೆ. ಚಾನೆಲ್ ಅನ್ನು 1, 6, 11ರಲ್ಲಿ ಒಂದಕ್ಕೆ ಇಡಿ, ಮೋಡೆಮ್ ಅನ್ನು ನಡುಮನೆಗೆ ತನ್ನಿ. ಅಷ್ಟರಲ್ಲೂ ಆಗದಿದ್ದರೆ ರಿಪೀಟರ್‌ಗಿಂತ ಕ್ಯಾಟ್ 6 ಕೇಬಲ್ ಎಳೆದು ಒಳಕೋಣೆಯಲ್ಲಿ ಎರಡನೆಯ ಆ್ಯಕ್ಸೆಸ್ ಪಾಯಿಂಟ್ ಹಾಕುವುದೇ ಮೇಲು. ಸತ್ತ ಮೂಲೆಯಲ್ಲಿ ಇಟ್ಟ ರಿಪೀಟರ್ ಸತ್ತ ಸಿಗ್ನಲ್ಲನ್ನೇ ಮತ್ತೆ ಹಂಚುತ್ತದೆ.

ಗುಡುಗು ಮಿಂಚಿನ ನಂತರ

ಮುಂಗಾರಿಗೆ ಮೊದಲಿನ ಗುಡುಗು ಮಳೆ ಮೋಡೆಮ್‌ಗಳಿಗೆ ಕೆಟ್ಟ ಕಾಲ. ಮೋಡ ಕವಿದಾಗ ಸ್ವಿಚ್ ಬಂದ್ ಮಾಡಿದರೆ ಸಾಲದು, ಅಡಾಪ್ಟರ್ ಅನ್ನು ಸಾಕೆಟ್‌ನಿಂದ ಕೀಳಬೇಕು. ತಾಮ್ರದ ಫೋನ್ ಲೈನ್ ಇದ್ದರೆ ಅದನ್ನೂ, ಉದ್ದದ ಲ್ಯಾನ್ ಕೇಬಲ್ ಇದ್ದರೆ ಅದನ್ನೂ ಕೀಳಿ. ಮಿಂಚು ಶುರುವಾದ ಮೇಲೆ ಕೀಳಲು ಹೋಗಬೇಡಿ. ಫೈಬರ್‌ನ ಗಾಜು ಕರೆಂಟ್ ಒಯ್ಯುವುದಿಲ್ಲ, ಆದ್ದರಿಂದ ಅಲ್ಲಿ ಏಟು ಬರುವುದು ಹೆಚ್ಚಾಗಿ ಅಡಾಪ್ಟರ್ ಅಥವಾ ಲ್ಯಾನ್ ದಾರಿಯಿಂದ. ವೈಫೈ ನಡೆದು ಒಂದು ಲ್ಯಾನ್ ಪೋರ್ಟ್ ಮಾತ್ರ ಸತ್ತಿದ್ದರೆ ಪಕ್ಕದ ಪೋರ್ಟ್‌ಗೆ ಹಾಕಿ ನಡೆಸಿ. ಸುಟ್ಟ ವಾಸನೆ ಬಂದರೆ, ಡಬ್ಬಿ ಉಬ್ಬಿದ್ದರೆ ಮತ್ತೆ ಕರೆಂಟ್ ಕೊಡಬೇಡಿ. ಎರೆ ನೆಲದ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಮಳೆಗಾಲಕ್ಕೆ ಮುಂಚೆ ನೀರು ಹಾಕಿಸಿ ವೈರ್‌ಮನ್‌ನಿಂದ ಪರೀಕ್ಷೆ ಮಾಡಿಸಿ.

ದೂರು ಕೊಡುವಾಗ

“ನೆಟ್ ಇಲ್ಲ” ಎನ್ನುವ ಬದಲು ಯಾವ ದೀಪ ಯಾವ ಬಣ್ಣ, ಎಷ್ಟು ಹೊತ್ತಿನಿಂದ, ಬಾಜೂ ಮನೆಯಲ್ಲಿ ಹೇಗಿದೆ, ವಿಂಡೋಸ್ ಯಾವ ಸಂಖ್ಯೆ ತೋರಿಸಿತು, ಆರ್‌ಎಕ್ಸ್ ಪವರ್ ಎಷ್ಟು ಎಂದು ಹೇಳಿ. ಲಾಸ್ ಕೆಂಪು ಎಂದರೆ ಲೈನ್‌ಮನ್ ಫೈಬರ್ ಜೋಡಿಸುವ ಯಂತ್ರ ಹಿಡಿದು ಬರುತ್ತಾನೆ. 691 ಎಂದರೆ ಯಾರೂ ಬರಬೇಕಿಲ್ಲ, ಕಚೇರಿಯಲ್ಲೇ ಕೂತು ಸರಿಮಾಡುತ್ತಾರೆ. ಲೈನ್‌ಮನ್‌ನ ಮೊಬೈಲ್‌ಗೆ ಹೇಳಿದ್ದರೂ ಗ್ರಾಹಕ ಕೇಂದ್ರದಲ್ಲಿ ದೂರು ದಾಖಲಿಸಿ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಪಡೆಯಿರಿ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಆ ನಂಬರ್ ಇಲ್ಲದಿದ್ದರೆ ದೂರು ಕೊಟ್ಟಿದ್ದಕ್ಕೆ ದಾಖಲೆಯೇ ಇರುವುದಿಲ್ಲ.